ಅಂಟು ಹದವಾಗುವಷ್ಟು ಹೊತ್ತು

ಅಂದು ಬೆಳಿಗ್ಗೆ ಮಳೆಯೂ ಬರಲಿಲ್ಲ, ಬಿಸಿಲೂ ಬರಲಿಲ್ಲ. ಮೋಡ ತಾರಸಿಗಳ ಮೇಲೆ ಒದ್ದೆ ಕಂಬಳಿಯ ಹಾಗೆ ಕೂತುಬಿಟ್ಟಿತ್ತು. ಗೋಡೆ ಮುಟ್ಟಿದರೆ ಬೆರಳಿಗೆ ತೇವ ಹತ್ತುತ್ತಿತ್ತು. ದೊಡ್ಡವಳು ಹಿತ್ತಲ ನಲ್ಲಿಯ ಕೆಳಗೆ ಅಂಟಿನ ಕುಂಚವನ್ನು ಹಿಡಿದು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ತೊಳೆಯುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಇಂಥ ದಿನ ಅಂಟು ಬೇಗ ಹದಕ್ಕೆ ಬರುವುದಿಲ್ಲ ಎಂದು ಕೈ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಆಮೇಲೆ ನೆನಪಾಯಿತು: ಇವತ್ತು ಅಂಟು ಹಚ್ಚುವ ಕೆಲಸವಿಲ್ಲ, ಅಪ್ಪ ಒಳಗೆ ಮಲಗಿದ್ದಾರೆ, ಇನ್ನು ಏಳುವುದಿಲ್ಲ.

ಒಳಗಿನಿಂದ ಸೋದರತ್ತೆಯ ಗಂಟಲು ಕೇಳುತ್ತಿತ್ತು.

"ಕೊನೆಗಾಲಕ್ಕೆ ನಮ್ಮಣ್ಣನಿಗೆ ಬೇಕಾದ್ದು ಸಿಕ್ತು ಕಣ್ರೀ. ಎಂಟು ತಿಂಗಳಿಂದ ಒಂದು ಮಾತು ಆಡಿರ್ಲಿಲ್ಲ. ಚಿಕ್ಕವಳು ಬಂದು ಪಕ್ಕದಲ್ಲಿ ಕೂತು ಆ ಹಳೇ ಹಾಡು ಎತ್ತಿದ್ದೇ ತಡ, ಜೊತೆಗೆ ಹಾಡಿಬಿಟ್ಟ! ಈ ಕಣ್ಣಾರೆ ಕಂಡೆ."

ಅತ್ತೆ ಇದನ್ನು ಹೇಳುತ್ತಿದ್ದುದು ಐದನೆಯ ಸಲ. ಮೊದಲ ಸಲ ಅಪ್ಪನ ತುಟಿ ಅಲುಗಿತ್ತು. ಮೂರನೆಯ ಸಲಕ್ಕೆ ಗುನುಗಿದ್ದರು. ಈಗ ಹಾಡಿಯೇಬಿಟ್ಟಿದ್ದರು. ಹೀಗೇ ಬಿಟ್ಟರೆ ಮಧ್ಯಾಹ್ನದೊಳಗೆ ಎದ್ದು ಕೂತು ತಾಳ ಹಾಕುತ್ತಾರೆ ಎಂದುಕೊಂಡಳು ದೊಡ್ಡವಳು. ನಗು ಬರಲಿಲ್ಲ.

"ಪುಣ್ಯವಂತೆ," ಎಂದರು ಲೈಬ್ರರಿಯವರು. ನಲವತ್ತು ವರ್ಷದಿಂದ ಹರಿದ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಈ ಮನೆಗೆ ಬರುತ್ತಿದ್ದವರು ಇವತ್ತು ಬರಿಗೈಯಲ್ಲಿ ಬಂದು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. "ತಂದೆಯನ್ನ ಹಾಡಿ ಕಳಿಸಿಕೊಡೋದು ಎಲ್ಲರಿಗೂ ಸಿಗಲ್ಲ."

"ದೊಡ್ಡವಳು ನೋಡ್ಕೊಂಡ್ಳು, ಇಲ್ಲ ಅನ್ನಲ್ಲ," ಅತ್ತೆ ಸೇರಿಸಿದಳು. "ಹೊತ್ತು ಹೊತ್ತಿಗೆ ಎಲ್ಲಾ ಮಾಡ್ತಿದ್ಳು. ಆದ್ರೆ ಅವನ ಜೀವ ಇದ್ದದ್ದು ಆ ಹಾಡಲ್ಲಿ."

ದೊಡ್ಡವಳು ನಲ್ಲಿ ನಿಲ್ಲಿಸಿದಳು. ಎಂಟು ತಿಂಗಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅಪ್ಪನ ಬೆನ್ನಿನ ಮೇಲೆ ಎಲ್ಲೆಲ್ಲಿ ಮಚ್ಚೆಗಳಿವೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಚಿಕ್ಕವಳು ಬಂದು ಇಂದಿಗೆ ಒಂಬತ್ತು ದಿನ. ಒಂಬತ್ತು ದಿನದಲ್ಲಿ ಒಂದು ಹಾಡು. ಬೆಳೆ ಬೆಳೆದವಳು ಒಬ್ಬಳು, ಕಣದಲ್ಲಿ ರಾಶಿ ಹೊತ್ತವಳು ಇನ್ನೊಬ್ಬಳು.

ಹೊಟ್ಟೆಕಿಚ್ಚಿಗೆ ಸೌದೆ ಬೇಕಿಲ್ಲ. ಅದು ತನ್ನನ್ನೇ ಉರಿಸಿಕೊಂಡು ಬೆಳಗುತ್ತದೆ, ಬೂದಿಯೂ ಉಳಿಯದ ಹಾಗೆ. ದೇವರನ್ನು ನಂಬಿದ ಹೆಂಗಸು ಅವಳು. ಅಪ್ಪನ ಹೆಣ ಮನೆಯಲ್ಲಿರುವಾಗ ತಂಗಿಯ ಮೇಲೆ ಇಂಥದ್ದು ಹುಟ್ಟಬಾರದೆಂದು ಬೆಳಗಿನಿಂದ ಎರಡು ಸಲ ಬೇಡಿಕೊಂಡಿದ್ದಳು. ದೇವರು ಕೇಳಿಸಿಕೊಂಡಿರಬೇಕು. ಕಿಚ್ಚಿಗೆ ಮಾತ್ರ ಕೇಳಿಸಿರಲಿಲ್ಲ.

*

ಅಪ್ಪ ಪುಸ್ತಕ ಕಟ್ಟುವವರು. ಬೀದಿಗೆ ತೆರೆದ ಕೋಣೆಯೇ ಅಂಗಡಿ. ಅದರ ತುಂಬ ಒಂದು ದೊಡ್ಡ ಮೇಜು, ಗೋಡೆಗೆ ಒತ್ತುಯಂತ್ರ, ಮೇಜಿನ ಕೆಳಗೆ ಕತ್ತರಿಸಿದ ಕಾಗದದ ಚೂರು ತುಂಬುವ ಒಂದು ಬುಟ್ಟಿ. ಅಮ್ಮ ಹೋದಾಗ ದೊಡ್ಡವಳಿಗೆ ಹತ್ತು ವರ್ಷ, ಚಿಕ್ಕವಳಿಗೆ ಎರಡು. ಆ ಬುಟ್ಟಿಯೇ ಚಿಕ್ಕವಳ ತೊಟ್ಟಿಲಾಯಿತು. ಮರುವರ್ಷ ದೊಡ್ಡವಳು ಶಾಲೆ ಬಿಟ್ಟಳು. ಎರಡು ಕೈಗೆ ಇನ್ನೆರಡು ಕೈ ಬೇಕಾಗಿದ್ದವು.

ಪುಸ್ತಕದ ಬೆನ್ನಿಗೆ ಅಂಟು ಹಚ್ಚಿದ ಕೂಡಲೇ ರಟ್ಟು ಕೂರಿಸಬಾರದು. ಹಸಿ ಅಂಟಿಗೆ ರಟ್ಟು ಜಾರುತ್ತದೆ, ಒಣಗಿದ ಅಂಟಿಗೆ ಹಿಡಿಯುವುದೇ ಇಲ್ಲ. ನಡುವೆ ಒಂದು ಗಳಿಗೆ ಇದೆ. ಆ ಗಳಿಗೆಯನ್ನು ಅಪ್ಪ ಗಡಿಯಾರದಿಂದ ಅಳೆಯುತ್ತಿರಲಿಲ್ಲ. ಅವರ ಗುರುವಿನ ಕಾಲದ ಒಂದು ಹಾಡಿತ್ತು, ಮೂರು ನುಡಿ. ಅಂಟು ಹಚ್ಚಿ, ಕುಂಚ ಕೆಳಗಿಟ್ಟು, ಹಾಡು ಎತ್ತುವರು. ಮೂರು ನುಡಿ ಮುಗಿದರೆ ಅಂಟು ಹದವಾಯಿತೆಂದೇ ಅರ್ಥ.

"ಬಿಸಿಲಿದ್ದ ದಿನ ಬಿರುಸಾಗಿ ಹಾಡ್ಬೇಕು, ತೇವದ ದಿನ ನಿಧಾನಕ್ಕೆ," ಎನ್ನುತ್ತಿದ್ದರು. "ಹಾಡು ತಪ್ಪಿದ್ರೆ ಪುಸ್ತಕ ಬಾಯಿ ಬಿಡುತ್ತೆ."

ಸಂಜೆ ದೀಪ ಹಚ್ಚುವ ಹೊತ್ತಿನ ಹಾಡು ಎರಡು ಕೆಲಸ ಮಾಡುತ್ತಿತ್ತು. ಬುಟ್ಟಿಯೊಳಗಿನ ಚಿಕ್ಕವಳತ್ತ ಬಗ್ಗಿ, ಕಾಲಿನಿಂದ ಬುಟ್ಟಿಯನ್ನು ಮೆಲ್ಲಗೆ ತೂಗುತ್ತ ಅಪ್ಪ ಮೊದಲ ನುಡಿ ಹಾಡುವರು. ಎರಡನೆಯದು ಮುಗಿಯುವುದರೊಳಗೆ ಅವಳ ಕಣ್ಣು ಮುಚ್ಚಿರುತ್ತಿತ್ತು. ಕೆನ್ನೆಗೆ ಒಂದೆರಡು ಕಾಗದದ ಚೂರು ಅಂಟಿರುತ್ತಿದ್ದವು. ಮೂರನೆಯ ನುಡಿಗೆ ಅಪ್ಪ ನೆಟ್ಟಗೆ ನಿಂತು, ದನಿ ಇಳಿಸಿ, ಮಗು ಏಳದ ಹಾಗೆ ತುಟಿಯಲ್ಲೇ ಹಾಡುವರು. ಎಡಗೈ ಅಂಗೈ ಮೇಲಾಗಿ ಪಕ್ಕಕ್ಕೆ ಚಾಚಿರುತ್ತಿತ್ತು. ಆ ಕೈಯ ಹತ್ತಿರ ರಟ್ಟು ಹಿಡಿದು ನಿಲ್ಲುವುದು ದೊಡ್ಡವಳ ಕೆಲಸ. ಕೊನೆಯ ಅಕ್ಷರಕ್ಕೆ ರಟ್ಟು ಅಂಗೈಗೆ ಬರಬೇಕು. ಮೊದಲೂ ಅಲ್ಲ, ಆಮೇಲೂ ಅಲ್ಲ.

ಹಾಡು ಚಿಕ್ಕವಳಿಗೆ, ಉಳಿದದ್ದು ಅಂಟಿಗೆ. ಹಾಗೆಂದು ದೊಡ್ಡವಳು ಅಂದೇ ತೀರ್ಮಾನಿಸಿದ್ದಳು. ಕಾಲು ನೋಯುವ ತನಕ ನಿಂತ ತನಗೆ ಹಾಡಿನಲ್ಲಿ ಪಾಲಿಲ್ಲ ಎಂಬ ಮಾತು ಅವಳೊಳಗೆ ಐವತ್ತು ವರ್ಷದಿಂದ ಒತ್ತುಯಂತ್ರದಲ್ಲಿಟ್ಟ ಹಾಳೆಯ ಹಾಗೆ ಮಟ್ಟಸವಾಗಿ ಕೂತಿತ್ತು.

*

ಹತ್ತು ಗಂಟೆಗೆ ಶವಪೆಟ್ಟಿಗೆ ಬಂತು. ಪಕ್ಕದಂಗಡಿಯ ಬೀಗದವನು ಒಂದು ತುದಿ ಹಿಡಿದುಕೊಂಡು ಒಳಗೆ ತಂದ. ಅಪ್ಪನ ಜೊತೆ ದಿನಾ ಜಗಳವಾಡಿ ದಿನಾ ಟೀ ಕುಡಿದವನು. ಪೆಟ್ಟಿಗೆ ಮೇಜಿನ ಮೇಲೆ ಕೂತದ್ದೇ ದೊಡ್ಡವಳ ಕಣ್ಣು ಅದರ ಮೂಲೆಗೆ ಹೋಯಿತು. ಬೀಗದವನ ಕಣ್ಣೂ ಅಲ್ಲಿಗೇ ಹೋಗಿತ್ತು.

"ಮಟ್ಟ ಇಲ್ಲ ಅಲ್ವಾ?" ಅವನು ಪಿಸುಗುಟ್ಟಿದ.

"ಒಂದು ಕಾಳಿನಷ್ಟು ಹೊರಗೆ ಬಂದಿದೆ."

"ನಿಮ್ಮಪ್ಪ ಎದ್ದಿದ್ರೆ 'ತಗೊಂಡು ಹೋಗಯ್ಯಾ, ಮೂಲೆ ಕೂರಿಸೋಕೆ ಬರದೋನು ಬಡಗಿಯಂತೆ' ಅಂತ ವಾಪಸ್ ಕಳಿಸ್ತಿದ್ರು. ಅಂತ್ಯಕ್ಕೆ ಇಂಥಾ ಬೈಂಡಿಂಗ್ ಸಿಕ್ತಲ್ಲಾ ನಿನಗೆ ಮಹರಾಯ," ಎಂದು ಅಪ್ಪ ಮಲಗಿದ್ದ ಕಡೆಗೆ ಹೇಳಿದವನು ತಟ್ಟನೆ ಗೋಡೆ ಕಡೆ ತಿರುಗಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ದೊಡ್ಡವಳು ಅಡುಗೆಮನೆಗೆ ಹೋದಳು. ಬಂದವರಿಗೆ ಟೀ ಆಗಬೇಕಿತ್ತು. ಹಿಂದೆಯೇ ಚಿಕ್ಕವಳು ಬಂದಳು. ಬೇರೆ ಊರಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ, ತಲೆ ಅರ್ಧ ನರೆತ ತಂಗಿ. ಅತ್ತು ಅತ್ತು ಮೂಗು ಕೆಂಪಾಗಿತ್ತು. ಆ ಮೂಗು ಅವಳು ಎರಡು ವರ್ಷದವಳಿದ್ದಾಗ ಹೇಗಿತ್ತೋ ಹಾಗೇ ಇತ್ತು.

"ಅಕ್ಕಾ, ಒಂದು ಕೇಳ್ಲಾ?"

"ಲೋಟ ಇಳಿಸ್ತಾ ಕೇಳು."

"ಅವತ್ತು ನನ್ನ ಹಾಡು ಮುಗೀತಲ್ಲ, ಅಪ್ಪ ಕೈ ಎತ್ತಿ ಹಿಡ್ಕೊಂಡ್ರು. ಇಳಿಸ್ಲೇ ಇಲ್ಲ. ಏನೋ ಬೇಕಿತ್ತು ಅವರಿಗೆ. ಮೂರು ದಿನದಿಂದ ನನಗೆ ಅದೇ ಕಣ್ಣಿಗೆ ಕಟ್ಟಿದೆ. ನಿನಗೇನಾದ್ರೂ ಗೊತ್ತಾ?"

ಹಾಲು ಉಕ್ಕಿ ಬರುತ್ತಿತ್ತು. ದೊಡ್ಡವಳು ಉರಿ ತಗ್ಗಿಸಿದಳು. ಹೇಳಿಬಿಡಬಹುದಿತ್ತು, ಬಾಯಿಯ ತುದಿಯವರೆಗೆ ಬಂದೂ ಇತ್ತು. ಹೊರಗೆ ಅತ್ತೆ ಹೊಸದಾಗಿ ಬಂದ ಯಾರಿಗೋ ಆರನೆಯ ಸಲ ಶುರುಮಾಡಿದಳು: "ಚಿಕ್ಕವಳು ಬಂದು ಪಕ್ಕದಲ್ಲಿ ಕೂತು..."

"ನೀನು ತಪ್ಪು ಹಾಡಿದೆ," ಎಂದಳು ದೊಡ್ಡವಳು.

"ತಪ್ಪಾ? ಎಲ್ಲಿ?"

"ಎಲ್ಲಿ ಅಂತ ಹೇಳ್ಲಿ? ಅಪ್ಪ ಹಾಗೆ ಹಾಡ್ತಿರ್ಲಿಲ್ಲ. ಹೊಲಿಗೆ ತಪ್ಪಿದ್ರೆ ನಿಲ್ಲಿಸು ಅಂತ ಕೈ ಎತ್ತೋರಲ್ಲ, ಹಾಗೆ ಎತ್ತಿದ್ರು. ಅಷ್ಟೇ."

ಚಿಕ್ಕವಳು ಲೋಟಗಳನ್ನು ಒಂದರ ಪಕ್ಕ ಒಂದು ಇಡುತ್ತ ಹೋದಳು. ಕೊನೆಯದನ್ನು ಇಟ್ಟ ಮೇಲೆ, "ಹೌದಾ," ಎಂದಳು.

*

ಬಂದ ದಿನವೇ ಚಿಕ್ಕವಳು ಇನ್ನೊಂದು ಕೇಳಿದ್ದಳು. "ಅಕ್ಕಾ, ಅಪ್ಪ ನನಗೊಂದು ಖಾಲಿ ಪುಸ್ತಕ ಕಟ್ಟಿಕೊಡ್ತೀನಿ ಅಂದಿದ್ರು. ಶಾಲೆ ಮಕ್ಕಳಿಗೆ ಕಲಿಸೋ ಹಾಡುಗಳನ್ನ ಬರೆದಿಟ್ಕೊಳ್ಳೋಕೆ. ಕಟ್ಟಿದ್ರಾ?"

"ಇಲ್ಲ," ಎಂದಿದ್ದಳು ದೊಡ್ಡವಳು.

ಕಟ್ಟುತ್ತಿದ್ದರು. ಅಪ್ಪನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಬೆಳಿಗ್ಗೆ ಮೇಜಿನ ಮೇಲಿದ್ದದ್ದೇ ಅದು. ಹಾಳೆ ಹೊಲಿದಾಗಿತ್ತು, ಅಂಚು ಕತ್ತರಿಸಿಯಾಗಿತ್ತು, ನೀಲಿ ಬಟ್ಟೆಯ ರಟ್ಟು ಪಕ್ಕದಲ್ಲಿ ಸಿದ್ಧವಾಗಿತ್ತು. ನಾಲ್ಕು ಮೂಲೆಗೆ ತೊಗಲು ಬೇರೆ. ಇಷ್ಟು ವರ್ಷದಲ್ಲಿ ಅಪ್ಪ ಇಂಥ ರಟ್ಟು ಮಾಡಿದ್ದು ಬೆರಳೆಣಿಕೆಯಷ್ಟು ಸಲ. ಉಳಿದ ಗಿರಾಕಿಗಳ ಕೆಲಸವನ್ನೆಲ್ಲ ದೊಡ್ಡವಳು ಒಬ್ಬಳೇ ಮುಗಿಸಿ ಕೊಟ್ಟಳು. ಇದೊಂದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಕಪಾಟಿನ ಕೆಳಗಿನ ಹಂತದಲ್ಲಿಟ್ಟು, ಮೇಲೆ ಕಬ್ಬಿಣದ ತೂಕ ಹೇರಿಬಿಟ್ಟಳು.

ಚಿಕ್ಕವಳು ಬಂದ ಆರನೆಯ ದಿನದ ಸಂಜೆ. ಅಪ್ಪನ ಉಸಿರು ಏರಿ ಇಳಿಯುತ್ತಿತ್ತು. ಅತ್ತೆ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಚಿಕ್ಕವಳು ಮಂಚದ ಅಂಚಿಗೆ ಕೂತು, ಏನು ಮಾಡಬೇಕೆಂದು ತಿಳಿಯದೆ, ಅಪ್ಪನ ಕಿವಿಯ ಹತ್ತಿರ ಬಗ್ಗಿ ಹಾಡು ಎತ್ತಿದಳು.

*ಹಾದಿಯ ಧೂಳೇ, ಮಲಗೇ ಮಲಗು,*
*ಹಗಲಿನ ಕಾಲು ದಣಿದಾವೆ;*
*ಹೋದವರೆಲ್ಲ ಬಂದಾಯ್ತು ಮನೆಗೆ,*
*ಬಾಗಿಲು ಅಗುಳಿ ಹಾಕ್ಯಾವೆ.*

ಬಿಸಿ ಹಾಲಿನ ಲೋಟ ಹಿಡಿದು ಬಂದ ದೊಡ್ಡವಳು ಬಾಗಿಲಲ್ಲೇ ನಿಂತಳು. ಅಪ್ಪನ ತುಟಿ ಅಲುಗುತ್ತಿತ್ತು. ದನಿ ಇರಲಿಲ್ಲ, ಆದರೆ ಅಕ್ಷರಗಳಿದ್ದವು. ಪ್ರತಿ ಅಕ್ಷರವನ್ನೂ ದೊಡ್ಡವಳು ಅಲ್ಲಿಂದಲೇ ಓದಿದಳು. ಎಂಟು ತಿಂಗಳು ಚಮಚದಿಂದ ಬಾಯಿಗೆ ಹಾಕಿದ್ದು ತಾನು. ಬಾಯಿ ತೆರೆದದ್ದು ಇವಳಿಗೆ.

*ಬಾವಿಯ ನೀರೇ, ಮಲಗೇ ಮಲಗು,*
*ಕೊಡಗಳು ಗೋಡೆಗೆ ಒರಗ್ಯಾವೆ;*
*ಚುಕ್ಕಿಗಳೆಲ್ಲ ತಳಕ್ಕಿಳಿದು*
*ಮೆಲ್ಲಗೆ ರೆಪ್ಪೆ ಮುಚ್ಚ್ಯಾವೆ.*

ಚಿಕ್ಕವಳು ಅಲ್ಲಿಗೆ ನಿಲ್ಲಿಸಿದಳು. ಅವಳ ಪಾಲಿಗೆ ಹಾಡು ಅಲ್ಲಿಗೆ ಮುಗಿಯುತ್ತಿತ್ತು. ಅದರಾಚೆ ಅವಳು ಎಂದೂ ಎಚ್ಚರವಿದ್ದವಳೇ ಅಲ್ಲ.

ಆಗ ಅಪ್ಪನ ಎಡಗೈ ಎದ್ದಿತು. ಅಂಗೈ ಮೇಲಾಗಿ ಪಕ್ಕಕ್ಕೆ ಚಾಚಿ ನಿಂತಿತು. ಕಣ್ಣು ಚಿಕ್ಕವಳನ್ನು ದಾಟಿ, ಬಾಗಿಲಿಗೆ ಬಂದು, ದೊಡ್ಡವಳ ಮೇಲೆ ನಿಂತಿತು. ಕೈ ಇಳಿಯಲಿಲ್ಲ. ಕಾಯುತ್ತಿತ್ತು.

ದೊಡ್ಡವಳಿಗೆ ಗೊತ್ತಿತ್ತು. ಆ ಕೋಣೆಯಲ್ಲಿ, ಈ ಭೂಮಿಯ ಮೇಲೆ, ಗೊತ್ತಿದ್ದದ್ದು ಅವಳೊಬ್ಬಳಿಗೇ.

"ಹಾಲು ಆರುತ್ತೆ," ಎಂದು ಮುಂದೆ ಬಂದು, ಆ ಕೈಯನ್ನು ಹಿಡಿದು ಹೊದಿಕೆಯೊಳಗೆ ಸೇರಿಸಿದಳು. ಅಪ್ಪ ಹಾಲು ಕುಡಿಯಲಿಲ್ಲ. ಅದಾದ ಮೇಲೆ ತುಟಿಯೂ ಅಲುಗಲಿಲ್ಲ. ಮರುದಿನವೆಲ್ಲ ಹಾಗೇ ಇದ್ದು, ಅದರ ಮರುದಿನ, ನಿನ್ನೆ ಬೆಳಿಗ್ಗೆ, ಹೋಗಿಬಿಟ್ಟರು.

*

ಊರಾಚೆಯ ಮಣ್ಣು ತೇವದಿಂದ ಕಪ್ಪಾಗಿ, ಸಲಿಕೆಗೆ ಅಂಟಿಕೊಳ್ಳುತ್ತಿತ್ತು. ಪೆಟ್ಟಿಗೆ ಇಳಿಸುವ ಮುನ್ನ ಹಿರಿಯರೊಬ್ಬರು ಪ್ರಾರ್ಥನೆಯ ನಾಲ್ಕು ಮಾತು ಹೇಳಿದರು. ಎಲ್ಲರೂ ತಲೆ ತಗ್ಗಿಸಿ ನಿಂತರು. ಮುಗಿದ ಮೇಲೆ ಅತ್ತೆ ಚಿಕ್ಕವಳ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದಳು.

"ಹಾಡಮ್ಮಾ. ಅದೊಂದು ಕೇಳ್ಕೊಂಡು ಹೋಗ್ಲಿ ನಮ್ಮಣ್ಣ."

"ಹೌದಮ್ಮ, ಹಾಡು," ಎಂದರು ಲೈಬ್ರರಿಯವರು.

ದೊಡ್ಡವಳು ಎದೆಯೊಳಗೆ ಕಿಚ್ಚು ಏಳುವುದನ್ನು ಕಾದಳು. ಈಗ ಹಾಡುತ್ತಾಳೆ, ಎಲ್ಲರೂ ಅಳುತ್ತಾರೆ, ಇನ್ನು ಇಪ್ಪತ್ತು ವರ್ಷ ಬೀದಿಯಲ್ಲಿ ಇದೇ ಮಾತು.

ಚಿಕ್ಕವಳು ಬಾಯಿ ತೆರೆದಳು. ಮುಚ್ಚಿದಳು. ಪೆಟ್ಟಿಗೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ಬೇಡ ಅತ್ತೆ. ನನಗೆ ಸರಿಯಾಗಿ ಬರಲ್ಲ. ಅಪ್ಪನಿಗೆ ಇಷ್ಟ ಆಗಿರ್ಲಿಲ್ಲ."

"ಯಾರು ಹೇಳಿದ್ದು ಹುಚ್ಚಿ? ನಾನು ಕಣ್ಣಾರೆ..."

"ಬೇಡ ಅತ್ತೆ," ಎಂದು ಮತ್ತೆ ಹೇಳಿ, ಶಾಲೆಯಲ್ಲಿ ತಪ್ಪು ಉತ್ತರ ಹೇಳಿದ ಮಗುವಿನ ಹಾಗೆ, ಹಿಂದಿನ ಸಾಲಿಗೆ ಹೋಗಿ ನಿಂತಳು.

ಪೆಟ್ಟಿಗೆ ಇಳಿಯಿತು. ಮೊದಲ ಹಿಡಿ ಮಣ್ಣು ಮುಚ್ಚಳದ ಮೇಲೆ ಬಿತ್ತು, ಮಟ್ಟವಿಲ್ಲದ ಮೂಲೆಯ ಹತ್ತಿರ. ದೊಡ್ಡವಳಿಗೆ ಬೇಕಾಗಿದ್ದು ದೊರಕಿತ್ತು. ಹಾಡು ಯಾರ ಪಾಲಿಗೂ ಹೋಗಲಿಲ್ಲ. ಅವಳು ಎದೆ ತಡವಿ ನೋಡಿಕೊಂಡಳು. ಕಿಚ್ಚು ಇರಲಿಲ್ಲ, ಅದು ಇದ್ದ ಜಾಗದಲ್ಲಿ ಒಂದು ಕೈ ಅಂಗೈ ಮೇಲಾಗಿ ಚಾಚಿ ನಿಂತಿತ್ತು. ದೇವರೇ, ಎಂದಳು.

*

ಮಧ್ಯಾಹ್ನ ಇಳಿಯುವುದರೊಳಗೆ ಒಬ್ಬೊಬ್ಬರಾಗಿ ಹೊರಟರು. ಲೈಬ್ರರಿಯವರು ಹೊಸಿಲಲ್ಲಿ ನಿಂತು, "ಪುಸ್ತಕಗಳು ಇನ್ನೂ ಹರಿತಾನೇ ಇರ್ತವೆ. ತರ್ತೀನಮ್ಮ," ಎಂದು ದೊಡ್ಡವಳಿಗೆ ಹೇಳಿಹೋದರು. ಅತ್ತೆ ಒಳಕೋಣೆಯಲ್ಲಿ ಮಲಗಿದ್ದೇ ಗೊರಕೆ ಶುರುವಾಯಿತು, ಎಷ್ಟು ಜೋರೆಂದರೆ, ಪಕ್ಕದಂಗಡಿಯ ಬೀಗದವನು ಇಣುಕಿ, "ಗರಗಸ ಯಾರು ಎಳೀತಿದ್ದಾರೆ?" ಎಂದು ಕೇಳಿ, ಒಂದು ಬನ್ನಿನ ಪೊಟ್ಟಣ ಇಟ್ಟು ಹೋದ.

ಅಂಗಡಿ ಕೋಣೆಯಲ್ಲಿ ಚಿಕ್ಕವಳು ನೆಲಕ್ಕೆ ಕೂತಿದ್ದಳು, ಮೇಜಿನ ಕಾಲಿಗೆ ಒರಗಿ, ಹಿಂದೆ ಬುಟ್ಟಿಯಿರುತ್ತಿದ್ದ ಜಾಗದಲ್ಲಿ. ಅಲ್ಲೇ ಯಾಕೆ ಕೂತೆ ಎಂದು ಕೇಳಿದ್ದರೆ ಅವಳಿಗೂ ಗೊತ್ತಿರುತ್ತಿರಲಿಲ್ಲ.

ದೊಡ್ಡವಳು ಕಪಾಟಿನ ಮುಂದೆ ಮಂಡಿಯೂರಿದಳು. ಕಬ್ಬಿಣದ ತೂಕ ಎತ್ತಿ ಪಕ್ಕಕ್ಕಿಟ್ಟಳು. ಪತ್ರಿಕೆ ಬಿಚ್ಚಿ ಒಳಗಿದ್ದುದನ್ನು ಮೇಜಿನ ಮೇಲಿಟ್ಟಳು: ಹೊಲಿದ ಹಾಳೆಗಳ ಕಟ್ಟು, ನೀಲಿ ರಟ್ಟು, ನಾಲ್ಕು ಮೂಲೆಗೆ ತೊಗಲು.

ಚಿಕ್ಕವಳು ಎದ್ದು ನಿಂತಳು. ತೊಗಲಿನ ಮೂಲೆಯ ಮೇಲೆ ಬೆರಳಾಡಿಸಿದಳು. "ಇಲ್ಲ ಅಂದಿದ್ದೆ," ಎಂದಳು.

"ಅಂದಿದ್ದೆ."

ದೊಡ್ಡವಳು ಒಲೆಯ ಮೇಲೆ ಅಂಟಿನ ಪಾತ್ರೆ ಇಟ್ಟಳು. ಅಂಟು ಕರಗಿ ಕೋಣೆಯ ತುಂಬ ಹಳೆಯ ವಾಸನೆ ಹರಡಿತು. ಇಬ್ಬರೂ ಒಮ್ಮೆಗೇ ಉಸಿರೆಳೆದುಕೊಂಡರು. ಬೆಳಿಗ್ಗೆ ತೊಳೆದಿಟ್ಟ ಕುಂಚವನ್ನು ತಂದು ತಂಗಿಯ ಕೈಗೆ ಕೊಟ್ಟಳು.

"ನನಗೆಲ್ಲಿ ಬರುತ್ತೆ ಅಕ್ಕಾ? ಅಪ್ಪ ನನಗೆ ಕುಂಚ ಮುಟ್ಟೋಕೂ ಬಿಟ್ಟಿರ್ಲಿಲ್ಲ."

"ಬೆನ್ನಿಗೆ ಹಚ್ಚು. ಮೇಲಿಂದ ಕೆಳಕ್ಕೆ, ಒಂದೇ ಸಲ. ಹೂಂ, ಸಾಕು. ಗೋಡೆಗೆ ಸುಣ್ಣ ಹೊಡೀತಿಲ್ಲ ನೀನು. ಈಗ ಎಡಗೈ ಹೀಗೆ ಚಾಚು, ಅಂಗೈ ಮೇಲೆ ಮಾಡಿ. ನಾನು ರಟ್ಟು ಹಿಡ್ಕೊಂಡು ನಿಂತಿರ್ತೀನಿ. ಹಾಡು."

ಚಿಕ್ಕವಳ ಮುಖ ಬಾಡಿತು. "ಬೇಡ. ನಾನು ತಪ್ಪು ಹಾಡ್ತೀನಿ."

"ನೀನು ತಪ್ಪು ಹಾಡಿರ್ಲಿಲ್ಲ." ದೊಡ್ಡವಳು ರಟ್ಟಿನ ಮೇಲಿಲ್ಲದ ಧೂಳನ್ನು ಒರೆಸಿದಳು. "ಬೆಳಿಗ್ಗೆ ನಾನು ಸುಳ್ಳು ಹೇಳಿದೆ. ಹಾಡು ಪುಟ್ಟಿ. ತೇವ ಇದೆ ಇವತ್ತು, ನಿಧಾನಕ್ಕೆ ಹಾಡು."

ಚಿಕ್ಕವಳು ಹಾಡಿದಳು. ಮೊದಲು ದನಿ ಒಡೆಯಿತು, ಆಮೇಲೆ ಕೂಡಿಕೊಂಡಿತು. ಹಾದಿಯ ಧೂಳು ಮಲಗಿತು. ಬಾವಿಯ ನೀರು ಮಲಗಿತು. ಚುಕ್ಕಿಗಳು ತಳಕ್ಕಿಳಿದು ರೆಪ್ಪೆ ಮುಚ್ಚಿದವು. ಅವಳು ನಿಲ್ಲಿಸಿ ರಟ್ಟಿಗಾಗಿ ಅಕ್ಕನ ಕಡೆ ನೋಡಿದಳು. ಅಂಗೈ ಚಾಚಿಯೇ ಇತ್ತು.

ದೊಡ್ಡವಳು ರಟ್ಟು ಕೊಡಲಿಲ್ಲ.

"ಇನ್ನೂ ಹದ ಆಗಿಲ್ಲ," ಎಂದಳು. "ಇನ್ನೊಂದು ನುಡಿ ಇದೆ. ನೀನು ಯಾವಾಗ್ಲೂ ಅಷ್ಟರಲ್ಲಿ ನಿದ್ದೆ ಹೋಗ್ತಿದ್ದೆ. ಅಪ್ಪ ಅವತ್ತು ಅದಕ್ಕೇ ಕಾಯ್ತಿದ್ರು."

ಚಿಕ್ಕವಳು ನಿಂತೇ ಇದ್ದಳು. ಕೈ ಇಳಿಸಲಿಲ್ಲ.

ದೊಡ್ಡವಳಿಗೆ ಹಾಡಿ ಅಭ್ಯಾಸವಿರಲಿಲ್ಲ. ಅಪ್ಪ ಹಾಡುತ್ತಿದ್ದ ಹಾಗೆಯೇ, ಯಾರೋ ಮಲಗಿದ್ದಾರೆಂಬಂತೆ, ತುಟಿಯ ಮೇಲೆ ಹಾಡಿದಳು.

*ದೀಪದ ಕುಡಿಯೇ, ನೀ ಮಲಗಬೇಡ,*
*ಮಲಗಿದ ಮನೆಯ ಕಾಯೋಳೆ;*
*ನಿದ್ದೆಯ ಕೊಟ್ಟೆ ಎಲ್ಲರಿಗೆ ನಾನು,*

ಅಲ್ಲಿ ಅವಳು ನಿಂತುಬಿಟ್ಟಳು. ಸಾವಿರ ಸಲ ಕೇಳಿದ ಸಾಲು; ಆ ಹೊತ್ತಿಗೆ ಮನೆಯಲ್ಲಿ ಎಚ್ಚರವಿದ್ದು ಕೇಳುತ್ತಿದ್ದವಳು ತಾನೊಬ್ಬಳೇ. ಕೇಳುವಾಗೆಲ್ಲ ಕಣ್ಣು ಅಂಟಿನ ಮೇಲಿರುತ್ತಿತ್ತು, ಲಕ್ಷ್ಯ ಕೊನೆಯ ಅಕ್ಷರದ ಮೇಲಿರುತ್ತಿತ್ತು. ಒಂದು ಸಲವೂ ತಲೆ ಎತ್ತಿ ಹಾಡುವವರ ಮುಖ ನೋಡಿರಲಿಲ್ಲ.

"ಅಕ್ಕಾ?" ಎಂದಳು ಚಿಕ್ಕವಳು ಮೆಲ್ಲಗೆ. "ಅಂಟು ಒಣಗುತ್ತೆ."

*ನಿನಗೆನ್ನನೆ ಕೊಟ್ಟೆ, ಕಾದೋಳೆ.*

ಕೊನೆಯ ಅಕ್ಷರಕ್ಕೆ, ಮೊದಲೂ ಅಲ್ಲದೆ ಆಮೇಲೂ ಅಲ್ಲದೆ, ದೊಡ್ಡವಳು ನೀಲಿ ರಟ್ಟನ್ನು ತಂಗಿಯ ಅಂಗೈಯಲ್ಲಿ ಇಟ್ಟಳು.